ಲಾಳಿ ಕಾಣದ ಕ್ಯಾಮೆರಾ

ಇಳಕಲ್ಲ ಸೀರೆಯ ಪರಿಚಯವುಳ್ಳ ಹೆಂಗಸು ಅಂಗಡಿಗೆ ಬಂದಳೆಂದರೆ, ವ್ಯಾಪಾರಿ ಬೆಲೆಯನ್ನು ಹೇಳುವುದಕ್ಕೂ ಮುಂಚೆಯೇ ಮಡಿಕೆ ಬಿಡಿಸಿ ಸೆರಗನ್ನು ತಿರುವಿ ನೋಡುತ್ತಾಳೆ. ಸೆರಗು ಒಡಲಿಗೆ ಕೂಡುವ ಗೆರೆಯನ್ನು ಹುಡುಕಿ ಅದರ ಮೇಲೆ ಬೆರಳಾಡಿಸುತ್ತಾಳೆ. ಆ ಗೆರೆಯಲ್ಲಿ ಆಕೆ ಅರಸುವುದು ಕೊಂಡಿಯನ್ನು. ಈ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಪ್ರತ್ಯೇಕವಾಗಿ ಸಿದ್ಧಪಡಿಸಿ, ಒಂದರ ಎಳೆಯನ್ನು ಇನ್ನೊಂದರ ಎಳೆಯೊಳಗೆ ಕುಣಿಕೆಯಂತೆ ಸಿಕ್ಕಿಸಿ ಕೂಡಿಸುತ್ತಾರೆ. ಇದಕ್ಕಾಗಿಯೇ ಪ್ರತಿಯೊಂದು ಸೀರೆಗೂ ಹೊಸದಾಗಿ ಹಾಸು ಹೂಡಬೇಕಾಗುತ್ತದೆ. ಕೋಟೆಯ ತೆನೆಗಳನ್ನು ನೆನಪಿಗೆ ತರುವ ತೋಪು ತೆನಿಯ ಕೆಂಪು ಬಿಳುಪಿನ ಸೆರಗು ಎಷ್ಟು ಪ್ರಸಿದ್ಧವೋ, ಆ ಸೆರಗನ್ನು ಒಡಲಿಗೆ ಹಿಡಿದು ನಿಲ್ಲಿಸಿದ ಈ ಕೊಂಡಿ, ಬಲ್ಲವರ ದೃಷ್ಟಿಯಲ್ಲಿ ಅದಕ್ಕಿಂತಲೂ ಹೆಚ್ಚಿನದು.

ಈಗ ಸೀರೆ ಕೊಳ್ಳುವವರೆಲ್ಲರೂ ಇಳಕಲ್ಲಿಗೆ ಬರುವುದಿಲ್ಲ. ೨೦೨೦ರಲ್ಲಿ ಸಂತೆ, ಜಾತ್ರೆ, ಮದುವೆಗಳೆಲ್ಲ ಒಮ್ಮೆಲೆ ನಿಂತುಹೋದಾಗ ಕೈಮಗ್ಗದ ಬಟ್ಟೆಯನ್ನು ದೂರದಿಂದಲೇ ತೋರಿಸಿ ಮಾರುವ ರೂಢಿ ನಾಡಿನಲ್ಲೆಲ್ಲ ಬಲವಾಯಿತು. ರೋಗ ಇಳಿದ ಮೇಲೂ ಆ ರೂಢಿ ಇಳಿಯಲಿಲ್ಲ. ಪುಣೆಯಲ್ಲೋ, ಸೊಲ್ಲಾಪುರದಲ್ಲೋ, ಕಡಲಾಚೆಯ ಯಾವುದೋ ಊರಿನಲ್ಲೋ ಕುಳಿತ ಗಿರಾಕಿಗೆ ಬೆರಳಾಡಿಸುವ ಸೌಕರ್ಯವಿಲ್ಲ. ಆದುದರಿಂದ ಆಕೆ ಬೇರೊಂದು ಪ್ರಮಾಣವನ್ನು ಕೇಳುತ್ತಾಳೆ: ಮಗ್ಗವನ್ನು ತೋರಿಸಿರಿ, ನೆಯ್ಯುವುದನ್ನು ತೋರಿಸಿರಿ ಎಂದು. ಈ ಬೇಡಿಕೆ ಅನ್ಯಾಯವಾದುದಲ್ಲ. ನೋಟವನ್ನಷ್ಟೇ ಅನುಕರಿಸಿ ವಿದ್ಯುತ್ ಮಗ್ಗದ ಮೇಲೆ ತೆಗೆದ ಬಟ್ಟೆಯೂ ಇಳಕಲ್ಲಿನ ಹೆಸರಿನಲ್ಲಿಯೇ ಪೇಟೆಗೆ ಬರುತ್ತದೆ. ಬೆಲೆಯಲ್ಲಿ ಅದು ಕೈಮಗ್ಗದ ಸೀರೆಯನ್ನು ಸುಲಭವಾಗಿ ಸೋಲಿಸುತ್ತದೆ. ಹೆಚ್ಚು ಹಣ ಕೊಡಲು ಒಪ್ಪಿದವಳು ತಾನು ಕೊಡುವ ಹಣ ನೇಕಾರನ ಕೈಗಳಿಗೇ ಸಲ್ಲುತ್ತದೆಯೇ ಎಂದು ತಿಳಿಯಬಯಸಿದರೆ ತಪ್ಪೇನು?

ವ್ಯಾಪಾರಿಯೂ ಸಂತೋಷದಿಂದಲೇ ಒಪ್ಪುತ್ತಾನೆ. ಕಂಪ್ಯೂಟರನ್ನು ಮಗ್ಗದ ಕೋಣೆಗೆ ಒಯ್ದು ಅದರ ಕ್ಯಾಮೆರಾವನ್ನು ನೇಕಾರನ ಕಡೆಗೆ ತಿರುಗಿಸಿ ಇಡುತ್ತಾನೆ. ತೊಡಕು ಆರಂಭವಾಗುವುದು ಅಲ್ಲಿಂದ ಮುಂದೆ. ಅಂಥ ಒಂದು ಹಗಲಿನ ಮಾತುಕತೆಯನ್ನು ಹೀಗೆ ಊಹಿಸಿಕೊಳ್ಳಬಹುದು.

“ಕಾಕಾರ, ಮಗ್ಗ ತೋರಸ್ತೇನಿ ಅಂದ್ರಿ. ಇದರಾಗ ಲಾಳೀನ ಕಾಣವಲ್ತಲ್ರೀ!”

“ಅಲ್ಲೇ ಓಡಾಕ ಹತ್ತೈತಲ್ಲ ತಂಗೀ! ನೋಡು, ಎಡಕಿನಿಂದ ಬಲಕ್ಕ.”

“ಎಡಕ್ಕಿತ್ತು ಖರೆ, ಈಗ ಬಲಕ್ಕ ಐತಿ. ನಡುವ ಎಲ್ಲಿ ಹೋತ್ರಿ? ಮೊದಲ ತಗದಿಟ್ಟ ಫೋಟೋ ತೋರ್ಸಾಕ ಹತ್ತೀರೇನು?”

ಕೊನೆಯ ಮಾತು ನಗುತ್ತ ಆಡಿದ್ದಿರಬಹುದು. ಆದರೆ ಅದರೊಳಗೆ ಸಂಶಯದ ಮುಳ್ಳು ಇದೆ. ವ್ಯಾಪಾರಿಗೆ ಅವಮಾನವಾಗುತ್ತದೆ. ಕ್ಯಾಮೆರಾ ಹಳೆಯದಾಯಿತೆಂದು ಹೊಸದನ್ನು ತರಿಸುತ್ತಾನೆ. ಅದರ ಪೆಟ್ಟಿಗೆಯ ಮೇಲೆ ಸೆಕೆಂಡಿಗೆ ೩೦ ಫ್ರೇಮು ಎಂದು ದೊಡ್ಡ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಹೊಸ ಕ್ಯಾಮೆರಾದ ಚಿತ್ರವೂ ಹಳೆಯದರಂತೆಯೇ ತಡವರಿಸುತ್ತದೆ. ಆಗ ಇಂಟರ್‌ನೆಟ್ಟಿನವನ ಮೇಲೆ ಸಿಟ್ಟು; ಅವನು ಬಂದು ನೋಡಿ ವೇಗ ಸರಿಯಾಗಿದೆ ಎನ್ನುತ್ತಾನೆ. ಇಬ್ಬರೂ ಸತ್ಯವನ್ನೇ ಹೇಳುತ್ತಿದ್ದಾರೆ, ಪೆಟ್ಟಿಗೆಯೂ ಸುಳ್ಳು ಹೇಳಿಲ್ಲ. ಹಾಗಾದರೆ ಲಾಳಿ ಹೋದದ್ದೆಲ್ಲಿಗೆ?

ಚಲಿಸುವ ಚಿತ್ರವೆಂಬುದು ನಿಶ್ಚಲ ಚಿತ್ರಗಳ ಮಾಲೆ ಎಂಬುದನ್ನು ಓದುಗರು ಬಲ್ಲರು. ಆ ಮಾಲೆಯ ಒಂದೊಂದು ಚಿತ್ರವೇ ಒಂದೊಂದು ಫ್ರೇಮು. ಮೂಕಿಚಿತ್ರಗಳ ಕಾಲದಲ್ಲಿ ಈ ಗತಿಗೆ ನಿಶ್ಚಿತವಾದ ಅಳತೆ ಇರಲಿಲ್ಲ. ವಾಕ್ಚಿತ್ರಗಳು ಬಂದ ಮೇಲೆ ಸೆಕೆಂಡಿಗೆ ೨೪ ಚಿತ್ರಗಳೆಂಬ ನಿಯಮ ನೆಲೆಗೊಂಡಿತು. ೧೯೩೪ರಲ್ಲಿ ತೆರೆಗೆ ಬಂದ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಆ ಯುಗಕ್ಕೆ ಸೇರಿದ್ದು. ಭಾರತದ ಟೆಲಿವಿಷನ್ನು ವಿದ್ಯುತ್ತಿನ ೫೦ ಆವರ್ತಗಳಿಗೆ ಹೊಂದಿಕೊಂಡು ೨೫ನ್ನು ಆರಿಸಿಕೊಂಡಿತು. ಕಂಪ್ಯೂಟರ್ ಕ್ಯಾಮೆರಾಗಳಲ್ಲಿ ವಾಡಿಕೆಯಾದ ಸಂಖ್ಯೆ ೩೦. ಇಷ್ಟರಲ್ಲಿ ಯಾವುದಾದರೂ ಸರಿಯೇ. ಮನುಷ್ಯನ ಕಣ್ಣು ತಕರಾರಿಲ್ಲದೆ ಚಲನೆಯನ್ನು ಒಪ್ಪಿಕೊಳ್ಳುತ್ತದೆ. ಹತ್ತಕ್ಕಿಂತ ಕೆಳಗೆ ಇಳಿದರೆ ಒಪ್ಪುವುದಿಲ್ಲ.

ಲಾಳಿಯ ಲೆಕ್ಕವನ್ನೇ ಹಾಕಿ ನೋಡಬಹುದು. ಹಾಸಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಲಾಳಿ ಹಾಯಲು ಕಾಲು ಸೆಕೆಂಡು ಸಾಕೆಂದು ಇಟ್ಟುಕೊಳ್ಳೋಣ. ಸೆಕೆಂಡಿಗೆ ೩೦ ಚಿತ್ರಗಳಾದರೆ ಆ ಹಾದಿಯಲ್ಲಿ ಅದು ಏಳೆಂಟು ಸಲ ಕ್ಯಾಮೆರಾದ ಕಣ್ಣಿಗೆ ಬೀಳುತ್ತದೆ; ನೋಡುವವಳಿಗೆ ಲಾಳಿ ಓಡಿದಂತೆಯೇ ಕಾಣುತ್ತದೆ. ಸೆಕೆಂಡಿಗೆ ೫ ಚಿತ್ರಗಳಾದರೆ ಆ ಹಾದಿಯಲ್ಲಿ ಅದು ಸಿಕ್ಕುವುದು ಒಂದು ಸಲ, ಹೆಚ್ಚೆಂದರೆ ಎರಡು ಸಲ. ಆ ಒಂದು ಚಿತ್ರದಲ್ಲಿಯೂ ಲಾಳಿ ಲಾಳಿಯಾಗಿರದೆ ಎಳೆಗಳ ಮೇಲೆ ಒರೆಸಿದ ಬೂದು ಬಣ್ಣದ ಗೆರೆಯಾಗಿ ಮಾತ್ರ ಇರುತ್ತದೆ. ಪುಣೆಯ ತಂಗಿ ಕಂಡದ್ದು ಅದನ್ನೇ.

೩೦ ಚಿತ್ರಗಳನ್ನು ಕೊಡಬಲ್ಲ ಯಂತ್ರ ೫ಕ್ಕೆ ಇಳಿಯುವುದೇಕೆ ಎಂಬ ಪ್ರಶ್ನೆಗೆ ಉತ್ತರಗಳು ಒಂದಕ್ಕಿಂತ ಹೆಚ್ಚು. ಆದರೆ ಮಗ್ಗದ ಕೋಣೆಯ ಮಟ್ಟಿಗೆ ಮೊದಲು ಹಿಡಿದು ವಿಚಾರಿಸಬೇಕಾದದ್ದು ಕತ್ತಲೆಯನ್ನು. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲಿಳಿಬಿಟ್ಟು ಕುಳಿತು ನೆಯ್ಯುವ ಮಗ್ಗ ಕುಣಿಮಗ್ಗ. ದಪ್ಪ ಗೋಡೆ, ಸಣ್ಣ ಕಿಟಕಿ, ನೆಲಕ್ಕೆ ಸಮೀಪವಾಗಿ ಹರಡಿದ ಹಾಸು, ಅದರ ಮೇಲೆ ಇಳಿಬಿಟ್ಟ ಒಂದೇ ದೀಪ. ಇಂಥ ಕೋಣೆಯಲ್ಲಿ ನೇಕಾರನಿಗೆ ಎಳೆ ತಪ್ಪಿದ್ದು ತಟ್ಟನೆ ತಿಳಿಯುತ್ತದೆ. ಅವನ ಕಣ್ಣು ಕತ್ತಲೆಗೆ ಹೊಂದಿಕೊಂಡಿರುತ್ತದೆ, ಕೈ ಆ ಜಾಗವನ್ನು ವರ್ಷಗಳಿಂದ ಬಲ್ಲದು. ಕ್ಯಾಮೆರಾಕ್ಕೆ ಈ ಎರಡು ಭಾಗ್ಯಗಳೂ ಇಲ್ಲ. ಬೇಸಗೆಯ ನಡುಹಗಲಲ್ಲಿ ಹುನಗುಂದದ ಬಯಲಿನ ಬೆಳಕನ್ನು ಅಳೆದರೆ ಅದು ಒಂದು ಲಕ್ಷ ಲಕ್ಸ್‌ನ ಹತ್ತಿರಕ್ಕೆ ಬರುತ್ತದೆ. ಒಂದು ದೀಪದ ಕೋಣೆಯಲ್ಲಿ ಅದು ನೂರನ್ನೂ ಮುಟ್ಟದಿರಬಹುದು. ಸಾವಿರ ಪಟ್ಟು ಅಂತರ! ಮನುಷ್ಯನ ಕಣ್ಣು ಹೊಸ್ತಿಲು ದಾಟಿ ಒಳಗೆ ಬಂದ ಕೆಲವು ನಿಮಿಷಗಳಲ್ಲಿ ಈ ಅಂತರವನ್ನು ನುಂಗಿಬಿಡುವುದರಿಂದ ಅದರ ಅಗಾಧತೆ ಯಾರ ಗಮನಕ್ಕೂ ಬರುವುದಿಲ್ಲ.

ಕಂಪ್ಯೂಟರಿನ ಅಂಚಿನಲ್ಲಿ ಹುದುಗಿರುವ ಕ್ಯಾಮೆರಾದ ಒಳಗೆ ಬೆಳಕನ್ನು ಹಿಡಿಯುವ ಫಲಕ ಜೋಳದ ಕಾಳಿಗಿಂತ ಹೆಚ್ಚು ದೊಡ್ಡದಲ್ಲ. ಅದರ ಮೇಲೆ ಬೀಳುವ ಬೆಳಕು ಸಾಲದಾದಾಗ ಅದಕ್ಕೆ ತೆರೆದಿರುವ ಮುಖ್ಯವಾದ ದಾರಿ ಯಾವುದೆಂದರೆ ಇನ್ನಷ್ಟು ಹೊತ್ತು ಕಣ್ಣು ತೆರೆದುಕೊಂಡಿರುವುದು. ಬಿಸಿಲಿನಲ್ಲಿ ಸೆಕೆಂಡಿನ ಐನೂರರಲ್ಲೊಂದು ಪಾಲು ತೆರೆದರೆ ಸಾಕಾಗುವ ಕಣ್ಣನ್ನು ಕತ್ತಲೆಯಲ್ಲಿ ಸೆಕೆಂಡಿನ ಹತ್ತರಲ್ಲೊಂದು ಪಾಲು, ಐದರಲ್ಲೊಂದು ಪಾಲು ತೆರೆದಿರಬೇಕಾಗುತ್ತದೆ. ಐದರಲ್ಲೊಂದು ಪಾಲು ಹಿಡಿಯುವ ಚಿತ್ರಗಳು ಒಂದು ಸೆಕೆಂಡಿನಲ್ಲಿ ಎಷ್ಟು ಹಿಡಿಸಿಯಾವು? ಐದೇ. ಇದು ಸಣ್ಣ ಹುಡುಗರ ಭಾಗಾಕಾರ. ಕ್ಯಾಮೆರಾ ಕೆಟ್ಟಿಲ್ಲ, ಮುಖ ಕಪ್ಪಾಗಿ ಕಾಣುವುದಕ್ಕಿಂತ ತಡವರಿಸಿದರೂ ಬೆಳ್ಳಗೆ ಕಾಣುವುದು ಲೇಸೆಂದು ಅದನ್ನು ಮಾಡಿದವರು ಅದರೊಳಗೆ ಬರೆದಿಟ್ಟಿದ್ದಾರೆ, ಅದು ಪಾಲಿಸುತ್ತಿದೆ. ಕಚೇರಿಯಲ್ಲಿ ಕುರ್ಚಿಯ ಮೇಲೆ ಅಲುಗಾಡದೆ ಕುಳಿತು ಮಾತನಾಡುವ ಜನರನ್ನು ಕಣ್ಣ ಮುಂದಿಟ್ಟುಕೊಂಡು ಅವರು ಹೀಗೆ ಮಾಡಿದರು. ಕುಣಿಮಗ್ಗದ ಕೋಣೆ ಅವರ ಕಲ್ಪನೆಯಲ್ಲಿ ಇರಲಿಲ್ಲ.

ಇದನ್ನು ಪರೀಕ್ಷಿಸಲು ಹಣವೂ ಬೇಡ, ವಿದ್ಯೆಯೂ ಬೇಡ. ಗಿರಾಕಿಯೊಡನೆ ಮಾತು ಕಡಿದು, ಕಂಪ್ಯೂಟರಿನಲ್ಲಿ ಕ್ಯಾಮೆರಾದ ಚಿತ್ರವನ್ನು ಮಾತ್ರ ತೆರೆದು, ಅದನ್ನು ಬಾಗಿಲ ಕಡೆಗೆ, ಹೊರಗಿನ ಬಿಸಿಲಿನ ಕಡೆಗೆ ತಿರುಗಿಸಿ ಅದರ ಮುಂದೆ ಕೈ ಬೀಸಬೇಕು. ಕೈ ಸರಾಗವಾಗಿ ಆಡಿದಂತೆ ಕಂಡರೆ, ಮತ್ತೆ ಕೋಣೆಯೊಳಗೆ ತಿರುಗಿಸಿದೊಡನೆ ಬೆರಳುಗಳು ಮಸುಕಾಗಿ ಕೈ ಜಿಗಿಜಿಗಿದು ಸಾಗಿದಂತೆ ಕಂಡರೆ, ದೋಷ ಬೆಳಕಿನದೇ. ಹೊಸ ಕ್ಯಾಮೆರಾವನ್ನು ಕೊಳ್ಳುವ ಮುನ್ನ ಈ ಒಂದು ನಿಮಿಷದ ಕೆಲಸವನ್ನು ಮಾಡದವರ ಸಂಖ್ಯೆ ದೊಡ್ಡದೆಂದು ತೋರುತ್ತದೆ. ಹೊಸ ಕ್ಯಾಮೆರಾವೂ ಅದೇ ಕತ್ತಲೆಯಲ್ಲಿಯೇ ಕುಳಿತು ದುಡಿಯಬೇಕಲ್ಲವೆ?

ದೋಷ ಬೆಳಕಿನದೆಂದು ಖಚಿತವಾದ ಮೇಲೆ ಉಪಾಯ ಎರಡು ಬಗೆಯದು. ಒಂದು, ಕ್ಯಾಮೆರಾಕ್ಕೆ ಆಜ್ಞೆ ಕೊಡುವುದು. ಅದರ ಹೊಂದಾಣಿಕೆಯ ಪಟ್ಟಿಯಲ್ಲಿ ಲೋ ಲೈಟ್ ಕಾಂಪೆನ್ಸೇಶನ್ ಎಂಬ ಸಾಲು ಅನೇಕ ವೇಳೆ ಇರುತ್ತದೆ. ಲಾಜಿಟೆಕ್ ಕಂಪನಿಯವರು ಇಂಥದನ್ನೇ ರೈಟ್‌ಲೈಟ್ ಎಂದು ಕರೆದರು. ಲಿನಕ್ಸ್ ಬಳಸುವವರಿಗೆ ಅದು ಎಕ್ಸ್‌ಪೋಶರ್ ಡೈನಾಮಿಕ್ ಫ್ರೇಮ್‌ರೇಟ್ ಎಂಬ ಉದ್ದನೆಯ ಹೆಸರಿನಲ್ಲಿ ಸಿಕ್ಕುತ್ತದೆ. ಅದನ್ನು ತೆಗೆದುಹಾಕಿದರೆ ಕ್ಯಾಮೆರಾ ಸೆಕೆಂಡಿನ ಮೂವತ್ತರಲ್ಲೊಂದು ಪಾಲಿಗಿಂತ ಹೆಚ್ಚು ಹೊತ್ತು ಕಣ್ಣು ತೆರೆಯುವುದಿಲ್ಲ. ಗತಿ ೩೦ಕ್ಕೆ ನಿಲ್ಲುತ್ತದೆ, ಲಾಳಿ ಓಡುತ್ತದೆ. ಆದರೆ ಚಿತ್ರ ಕಪ್ಪಾಗುತ್ತದೆ, ರವೆ ಚೆಲ್ಲಿದಂತೆ ಚುಕ್ಕೆ ಚುಕ್ಕೆಯಾಗುತ್ತದೆ. ಕತ್ತಲೆಯ ಋಣವನ್ನು ಯಾವುದಾದರೊಂದು ರೂಪದಲ್ಲಿ ತೀರಿಸಲೇಬೇಕು. ಆದುದರಿಂದ ಎರಡನೆಯ ಉಪಾಯವೇ ನಿಜವಾದ ಉಪಾಯ: ಬೆಳಕನ್ನು ತರುವುದು. ಅದಕ್ಕೆ ಫೋಟೋ ಸ್ಟುಡಿಯೋದ ದೀಪಗಳೇ ಬೇಕೆಂದಿಲ್ಲ. ಕಿಟಕಿಯ ಎದುರಿನ ಗೋಡೆಗೆ ಸುಣ್ಣ ಬಳಿದರೆ, ಅಥವಾ ಅಲ್ಲಿ ಒಂದು ಬಿಳಿಯ ಧೋತರವನ್ನು ತೂಗುಹಾಕಿದರೆ, ಒಳಬಂದ ಬೆಳಕು ವ್ಯರ್ಥವಾಗಿ ಹೀರಿಹೋಗದೆ ಮರಳಿ ಮಗ್ಗದ ಮೇಲೆ ಬೀಳುತ್ತದೆ. ತೆರೆದ ಬಾಗಿಲು ನೇಕಾರನ ಬೆನ್ನ ಹಿಂದೆ ಬರುವಂತೆ ಕ್ಯಾಮೆರಾವನ್ನು ಇಡುವುದು ಎಲ್ಲಕ್ಕಿಂತ ಕೆಟ್ಟ ಜಾಗ. ಹಿಂದೆ ಬಿಸಿಲು, ಮುಂದೆ ಕರಿಯ ನೆರಳು.

ದೀಪದ ಮಾತು ಬಂದಾಗ ಇನ್ನೊಂದು ಸೂಕ್ಷ್ಮವನ್ನು ಹೇಳಬೇಕಾಗುತ್ತದೆ. ಭಾರತದಲ್ಲಿ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತಗಳಲ್ಲಿ ಹರಿಯುತ್ತದೆ; ಅದಕ್ಕನುಗುಣವಾಗಿ ಸಾಮಾನ್ಯವಾದ ಎಷ್ಟೋ ದೀಪಗಳು ಸೆಕೆಂಡಿಗೆ ೧೦೦ ಸಲ ಏರಿ ಇಳಿಯುತ್ತವೆ. ಅಮೆರಿಕದಲ್ಲಿ ಆವರ್ತಗಳು ೬೦. ಕ್ಯಾಮೆರಾದ ಪಟ್ಟಿಯಲ್ಲಿ ೫೦, ೬೦ ಎಂಬ ಎರಡು ಆಯ್ಕೆಗಳು ಇರುವುದು ಈ ಕಾರಣದಿಂದ. ಅದು ೬೦ರಲ್ಲಿ ನಿಂತಿದ್ದರೆ ಇಳಕಲ್ಲಿನ ಟ್ಯೂಬ್‌ಲೈಟಿನ ಕೆಳಗೆ ಚಿತ್ರದ ತುಂಬ ಕಪ್ಪು ಪಟ್ಟೆಗಳು ಅಲೆಯಲೆಯಾಗಿ ಸರಿಯುತ್ತವೆ. ಸೀರೆಯ ಪಟ್ಟೆ ಯಾವುದು, ದೀಪದ ಪಟ್ಟೆ ಯಾವುದು ಎಂದು ಗಿರಾಕಿ ಕೇಳುವಂತಾಗುತ್ತದೆ. ೫೦ಕ್ಕೆ ಇಟ್ಟರೆ ಕ್ಯಾಮೆರಾ ಸೆಕೆಂಡಿನ ನೂರರಲ್ಲೊಂದು ಪಾಲಿನ ಮಡಿಗಳಲ್ಲಿ, ಎಂದರೆ ಒಂದು ಪಾಲು, ಎರಡು ಪಾಲು, ಮೂರು ಪಾಲು, ಹೀಗೆ ಮಾತ್ರ ಕಣ್ಣು ತೆರೆಯುತ್ತದೆ. ಮೂರು ಪಾಲಿನವರೆಗೆ ೩೦ರ ಗತಿಗೆ ಬಾಧೆ ಇಲ್ಲ. ಬೆಳಕು ಸಾಲದೆ ನಾಲ್ಕಕ್ಕೆ ಏರಿದೊಡನೆ ಗತಿ ೨೫ಕ್ಕೆ ಇಳಿಯುತ್ತದೆ. ಸಂಜೆಯಾಗುತ್ತ ಬಂದಂತೆ ಮೊದಲು ೩೦ ಇದ್ದದ್ದು ೨೫, ಅನಂತರ ೨೦ ಆಗುವುದನ್ನು ಕಂಡು ಯಂತ್ರಕ್ಕೆ ದಣಿವಾಯಿತೆಂದು ತಿಳಿದವರೂ ಇದ್ದಾರು! ದಣಿದದ್ದು ಕಿಟಕಿಯ ಬೆಳಕು.

ಬಾಗಿಲ ಬಿಸಿಲಿನಲ್ಲಿಯೂ ಚಿತ್ರ ತಡವರಿಸಿದರೆ ಆಗ ಬೇರೆ ಕಡೆಗೆ ಕೈಹಾಕಬೇಕು. ಕ್ಯಾಮೆರಾದಿಂದ ಕಂಪ್ಯೂಟರಿಗೆ ಬರುವ ತಂತಿ ಅನೇಕರ ಲಕ್ಷ್ಯಕ್ಕೆ ಬಾರದ ಒಂದು ಇಕ್ಕಟ್ಟಿನ ಓಣಿ. ಅಡ್ಡಕ್ಕೆ ೧೨೮೦, ಉದ್ದಕ್ಕೆ ೭೨೦ ಬಿಂದುಗಳ ಒಂದು ಚಿತ್ರವನ್ನು ಸ್ವಲ್ಪವೂ ಅಡಕಗೊಳಿಸದೆ, ಬಿಂದುವೊಂದಕ್ಕೆ ಎರಡು ಬೈಟುಗಳಂತೆ ಕಳುಹಿಸಿದರೆ, ೧೮,೪೩,೨೦೦ ಬೈಟುಗಳಾದವು. ಅಂಥ ೩೦ ಚಿತ್ರಗಳಿಗೆ ಸೆಕೆಂಡಿಗೆ ಐದೂವರೆ ಕೋಟಿ ಬೈಟುಗಳು. ಯುಎಸ್‌ಬಿ ೨.೦ ಎಂಬ ಬಹುಬಳಕೆಯ ಜೋಡಣೆಯಲ್ಲಿ ಕ್ಯಾಮೆರಾದಂಥ ಉಪಕರಣಕ್ಕೆ ಕಾದಿರಿಸಲು ಸಾಧ್ಯವಾದ ದಾರಿ ಸೆಕೆಂಡಿಗೆ ಸುಮಾರು ಎರಡು ಕೋಟಿ ನಲವತ್ತೈದು ಲಕ್ಷ ಬೈಟುಗಳಷ್ಟೇ. ಅರ್ಧಕ್ಕೂ ಸಾಲದು. ಕ್ಯಾಮೆರಾ ಆಗ ಮಾಡುವುದೇನು? ಚಿತ್ರದ ಅಳತೆಯನ್ನು ಬಿಡದೆ ಗತಿಯನ್ನು ಹತ್ತಕ್ಕೋ ಹನ್ನೆರಡಕ್ಕೋ ಇಳಿಸಿಕೊಳ್ಳುತ್ತದೆ. ಕಂಡಿಕೆ ಸುತ್ತುವವರ ಕೈ ತಡವಾದರೆ ಎಷ್ಟೇ ಚುರುಕಿನ ನೇಕಾರನಾದರೂ ಲಾಳಿ ಹಿಡಿದುಕೊಂಡು ಸುಮ್ಮನೆ ಕುಳಿತಿರಬೇಕಾಗುವುದಿಲ್ಲವೆ, ಹಾಗೆಯೇ ಇದು.

ಅದೇ ಚಿತ್ರವನ್ನು ೬೪೦ಕ್ಕೆ ೪೮೦ ಬಿಂದುಗಳಿಗೆ ಇಳಿಸಿದರೆ ಸೆಕೆಂಡಿಗೆ ಒಂದು ಕೋಟಿ ಎಂಬತ್ನಾಲ್ಕು ಲಕ್ಷ ಬೈಟುಗಳಾಗಿ, ೩೦ರ ಗತಿಯಲ್ಲಿಯೇ ಓಣಿಯಲ್ಲಿ ಹಾಯುತ್ತದೆ. ಅಳತೆ ಇಳಿಸಲು ಮನಸ್ಸಿಲ್ಲದವರು ಚಿತ್ರದ ಬಗೆಯನ್ನು ಬದಲಾಯಿಸಬಹುದು. ಕ್ಯಾಮೆರಾದ ಪಟ್ಟಿಯಲ್ಲಿ ವೈಯುವೈ೨ ಎಂದಿರುವುದು ಅಡಕಗೊಳಿಸದ ಬಗೆ. ಎಂಜೆಪೆಗ್ ಎಂದಿರುವುದು ಒಂದೊಂದು ಚಿತ್ರವನ್ನೂ ಕ್ಯಾಮೆರಾದೊಳಗೇ ಹಿಂಡಿ ಕಿರಿದುಗೊಳಿಸಿ ಕಳುಹಿಸುವ ಬಗೆ. ಎರಡನೆಯದನ್ನು ಆರಿಸಿದೊಡನೆ ಹತ್ತರಲ್ಲಿ ನಿಂತಿದ್ದ ಗತಿ ಮೂವತ್ತಕ್ಕೆ ನೆಗೆಯುವುದುಂಟು. ಒಂದೇ ಹಬ್ಬಿಗೆ ಕ್ಯಾಮೆರಾ, ಹಾರ್ಡ್ ಡಿಸ್ಕ್ ಎಲ್ಲವನ್ನೂ ಸಿಕ್ಕಿಸಿದವರು ಕ್ಯಾಮೆರಾವನ್ನು ನೇರವಾಗಿ ಕಂಪ್ಯೂಟರಿಗೆ ಸಿಕ್ಕಿಸಿ ನೋಡುವುದು ಒಳ್ಳೆಯದು. ತಂತಿಯ ವಿಷಯ ಇಷ್ಟು ಸಾಕು.

ಆದರೆ ಇಳಕಲ್ಲ ಸೀರೆಯ ಸೊಬಗೇ ಕ್ಯಾಮೆರಾಕ್ಕೆ ಶತ್ರುವಾಗುವ ಒಂದು ಪ್ರಸಂಗವಿದೆ. ಅದನ್ನು ತುಸು ನಿಧಾನವಾಗಿ ನೋಡಬೇಕು. ಚಿತ್ರವನ್ನು ಅಡಕಗೊಳಿಸುವ ವಿದ್ಯೆಯೆಲ್ಲ ನಿಂತಿರುವುದು ಒಂದು ನಂಬಿಕೆಯ ಮೇಲೆ: ಚಿತ್ರದಲ್ಲಿ ಒಂದು ಬಿಂದುವಿನ ಪಕ್ಕದ ಬಿಂದು ಬಹುಮಟ್ಟಿಗೆ ಅದರಂತೆಯೇ ಇರುತ್ತದೆ ಎಂದು. ನೀಲಿಯ ಆಕಾಶ, ಸುಣ್ಣದ ಗೋಡೆ, ಮನುಷ್ಯನ ಕೆನ್ನೆ, ಇವೆಲ್ಲ ಸುಲಭವಾಗಿ ಹಿಂಡಿಸಿಕೊಳ್ಳುತ್ತವೆ. ಸಣ್ಣ ಸಣ್ಣ ಚೌಕಗಳ, ಕೂದಲೆಳೆಯ ಗೆರೆಗಳ ಒಡಲು ಹಾಗಲ್ಲ. ಅಲ್ಲಿ ಪಕ್ಕದ ಬಿಂದು ಹಿಂದಿನದಕ್ಕೆ ವಿರುದ್ಧವಾಗಿರುವುದೇ ನೆಯ್ಗೆಯ ಕೌಶಲ. ಚಿಕ್ಕಿಪರಾಸಿನ ದಡಿಯಲ್ಲಿ, ಗೋಮಿಯ ದಡಿಯಲ್ಲಿ ಸೂಜಿಮೊನೆಯಂಥ ವಿನ್ಯಾಸಗಳು ಒತ್ತಾಗಿ ಸಾಲುಗೂಡಿರುತ್ತವೆ. ಇಂಥ ಬಟ್ಟೆಯಿಂದ ಪರದೆಯನ್ನು ತುಂಬಿಸಿದಾಗ ಒಂದೊಂದು ಫ್ರೇಮಿನ ತೂಕವೂ ಏರುತ್ತದೆ. ಕರೆಯ ವ್ಯವಸ್ಥೆ ಆ ತೂಕವನ್ನು ಹೊರಲಾರದೆ, ಒಂದೋ ವಿನ್ಯಾಸವನ್ನು ಕದಡಿಬಿಡುತ್ತದೆ, ಇಲ್ಲವೆ ಫ್ರೇಮುಗಳನ್ನೇ ಬಿಟ್ಟುಕೊಡುತ್ತದೆ. ಮನುಷ್ಯನ ಮುಖ ತೋರಿಸುವಾಗ ಸರಿಯಾಗಿದ್ದ ಕ್ಯಾಮೆರಾ ಸೀರೆ ಹಿಡಿದೊಡನೆ ಏಕೆ ಮುಗ್ಗರಿಸುತ್ತದೆಂಬ ಒಗಟಿಗೆ ಇದೇ ಉತ್ತರ. ಇದಲ್ಲದೆ ಬಟ್ಟೆಯ ಗೆರೆಗಳ ಅಂತರವೂ ಕ್ಯಾಮೆರಾದ ಬಿಂದುಗಳ ಅಂತರವೂ ಒಂದಕ್ಕೊಂದು ಸಮೀಪಿಸಿದಾಗ ಸೀರೆಯಲ್ಲಿ ಇಲ್ಲದ ಅಲೆಗಳು, ಸುಳಿಗಳು ಚಿತ್ರದಲ್ಲಿ ಮೂಡುತ್ತವೆ. ನೋಡದವರು ಅದನ್ನು ನೆಯ್ಗೆಯ ದೋಷವೆಂದೇ ತಿಳಿದಾರು. ಕ್ಯಾಮೆರಾವನ್ನು ಒಂದು ಗೇಣು ಮುಂದಕ್ಕೋ ಹಿಂದಕ್ಕೋ ಸರಿಸಿದರೆ ಆ ಸುಳಿ ಮಾಯವಾಗುತ್ತದೆ.

ಕರೆಯ ವ್ಯವಸ್ಥೆಯದು ಕೊನೆಯ ಪಾತ್ರ. ಕಂಪ್ಯೂಟರಿನಲ್ಲಿ ತಾನೇ ನೋಡಿದಾಗ ಲಾಳಿ ಸರಾಗವಾಗಿ ಓಡಿ, ಪುಣೆಯಲ್ಲಿ ಮಾತ್ರ ತಡವರಿಸಿದರೆ, ಆಗ ಇಂಟರ್‌ನೆಟ್ಟನ್ನು ದೂರಬಹುದು, ಅದಕ್ಕೆ ಮೊದಲಲ್ಲ. ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಜನ ಅಳೆಯುವುದು ಒಳಗೆ ಬರುವ ವೇಗವನ್ನು; ಸೀರೆ ತೋರಿಸುವವನಿಗೆ ಬೇಕಾದದ್ದು ಹೊರಗೆ ಹೋಗುವ ವೇಗ. ಎಷ್ಟೋ ಸಂಪರ್ಕಗಳಲ್ಲಿ ಎರಡನೆಯದು ಮೊದಲನೆಯದಕ್ಕಿಂತ ಬಹಳ ಕಡಿಮೆ. ಪರೀಕ್ಷೆ ಮಾಡುವಾಗ ಅಪ್‌ಲೋಡ್ ಎಂಬ ಅಂಕೆಯನ್ನೇ ಕೇಳಿ ತಿಳಿಯಬೇಕು.

ಇಷ್ಟೆಲ್ಲ ಹೇಳಿದ ಮೇಲೆ, ಎಲ್ಲ ಕೆಲಸಕ್ಕೂ ೩೦ ಫ್ರೇಮು ಬೇಕೇ ಎಂಬ ಪ್ರಶ್ನೆಯನ್ನೂ ಕೇಳುವುದು ಯೋಗ್ಯ. ಜಗತ್ತಿನ ಪ್ರಥಮ ವೆಬ್‌ಕ್ಯಾಮೆರಾ ಎಂದು ಹೆಸರಾದದ್ದು ೧೯೯೧ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಶಾಲೆಯಲ್ಲಿ ಒಂದು ಕಾಫಿಯ ಪಾತ್ರೆಯ ಮುಂದೆ ನಿಂತಿತು. ಬೇರೆ ಬೇರೆ ಮಹಡಿಗಳಲ್ಲಿದ್ದ ಸಂಶೋಧಕರು ಮೆಟ್ಟಿಲು ಹತ್ತಿ ಇಳಿದು ಬಂದರೆ ಪಾತ್ರೆ ಬರಿದಾಗಿರುತ್ತಿತ್ತು. ಆ ಕಷ್ಟ ತಪ್ಪಿಸಲು ಕ್ವೆಂಟಿನ್ ಸ್ಟಾಫರ್ಡ್ ಫ್ರೇಸರ್ ಮತ್ತು ಪಾಲ್ ಜಾರ್ಡೆಟ್ಸ್ಕಿ ಎಂಬವರು ಈ ಏರ್ಪಾಡನ್ನು ಮಾಡಿದರು. ಅದು ಕಳುಹಿಸುತ್ತಿದ್ದುದು ಕಪ್ಪು ಬಿಳುಪಿನ ಪುಟ್ಟ ಚಿತ್ರಗಳನ್ನು, ನಿಮಿಷಕ್ಕೆ ಸುಮಾರು ಮೂರರಂತೆ. ಸೆಕೆಂಡಿಗಲ್ಲ, ನಿಮಿಷಕ್ಕೆ! ೧೯೯೩ರಲ್ಲಿ ಅದು ವೆಬ್ಬಿಗೆ ಸೇರಿ ಲೋಕಪ್ರಸಿದ್ಧವಾಗಿ, ೨೦೦೧ರಲ್ಲಿ ಆರಿಸಲ್ಪಡುವವರೆಗೂ ನಡೆಯಿತು. ಯಾರೂ ಗತಿ ಸಾಲದೆಂದು ಗೊಣಗಲಿಲ್ಲ. ಪಾತ್ರೆಯಲ್ಲಿ ಕಾಫಿ ಇದೆಯೇ ಇಲ್ಲವೇ ಎಂಬುದಷ್ಟೇ ಅವರಿಗೆ ಬೇಕಾಗಿತ್ತು. ಅದಕ್ಕೆ ಮೂರು ಚಿತ್ರಗಳು ಧಾರಾಳವಾಗಿ ಸಾಕು.

ಇಳಕಲ್ಲಿನ ವ್ಯಾಪಾರಿಯೂ ತಾನು ಏನನ್ನು ತೋರಿಸಲು ಹೊರಟಿದ್ದೇನೆಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ಸೀರೆಯನ್ನು ಚಾಪೆಯ ಮೇಲೆ ಹಾಸಿ ಬಣ್ಣ ತೋರಿಸುವಾಗ, ಗಿರಿಕುಂಕುಮದ ಕೆಂಪು ಇದು, ದಾಳಿಂಬೆಯ ಕೆಂಪು ಇದು ಎಂದು ಭೇದ ಹೇಳುವಾಗ, ಬಟ್ಟೆ ಅಲುಗುವುದಿಲ್ಲ. ಅಲ್ಲಿ ಸೆಕೆಂಡಿಗೆ ಐದು ಚಿತ್ರಗಳಾದರೂ ನಷ್ಟವಿಲ್ಲ. ಬೇಕಾದದ್ದು ದೊಡ್ಡ ಅಳತೆ, ನಿರ್ಮಲವಾದ ಹಗಲು ಬೆಳಕು. ಹಳದಿಯ ದೀಪದ ಕೆಳಗೆ ಎರಡು ಕೆಂಪುಗಳೂ ಒಂದೇ ಆಗಿಬಿಡುತ್ತವೆ. ಲಾಳಿ ತೋರಿಸುವಾಗ ಲೆಕ್ಕ ತಿರುಗುಮುರುಗಾಗುತ್ತದೆ: ಚಿತ್ರದ ಅಳತೆಯನ್ನು ೬೪೦ಕ್ಕೆ ಇಳಿಸಿದರೂ ಚಿಂತೆಯಿಲ್ಲ, ಗತಿ ಮಾತ್ರ ಕುಗ್ಗಬಾರದು. ಒಂದೇ ಹೊಂದಾಣಿಕೆಯಲ್ಲಿ ಎರಡನ್ನೂ ಸಾಧಿಸಹೊರಟು ಎರಡನ್ನೂ ಕೆಡಿಸಿಕೊಳ್ಳುವುದೇ ಹೆಚ್ಚಾಗಿ ನಡೆಯುವ ಸಂಗತಿ.

ಕೊಂಡಿಯ ಪರೀಕ್ಷೆಯನ್ನಂತೂ ಮರೆಯಲಾಗದು. ಮಗ್ಗದ ಮೇಲೆ ಲಾಳಿ ಓಡುವುದನ್ನು ಕಂಡರೆ ಆ ಮನೆಯಲ್ಲಿ ಕೈಮಗ್ಗವಿದೆ ಎಂಬುದು ಸಿದ್ಧವಾಯಿತೇ ಹೊರತು, ಅಂಚೆಯಲ್ಲಿ ಬರುವ ಸೀರೆ ಆ ಮಗ್ಗದಿಂದಲೇ ಇಳಿದದ್ದೆಂಬುದು ಸಿದ್ಧವಾಗಲಿಲ್ಲ. ಜಾಣ ಗಿರಾಕಿ ಎರಡನ್ನೂ ಕೇಳುತ್ತಾಳೆ. ಸೆರಗು ಒಡಲು ಕೂಡುವ ಗೆರೆಯನ್ನು ಕ್ಯಾಮೆರಾದ ಹತ್ತಿರಕ್ಕೆ ಹಿಡಿದು, ಹಿಂಬದಿಯಿಂದ ಒಂದೊಂದು ಕುಣಿಕೆಯೂ ಕಾಣುವಂತೆ ಸ್ಥಿರವಾಗಿ ನಿಲ್ಲಿಸಿದರೆ, ಅಂಗಡಿಯಲ್ಲಿ ಬೆರಳು ಮಾಡುತ್ತಿದ್ದ ಕೆಲಸದ ಮುಕ್ಕಾಲು ಪಾಲನ್ನು ಕಣ್ಣು ಮಾಡಿ ಮುಗಿಸುತ್ತದೆ. ಕೈಯಲ್ಲಿ ಹಿಡಿದ ಬಟ್ಟೆ ನಡುಗುವುದರಿಂದ ಅದನ್ನು ಹಲಗೆಯ ಮೇಲೆ ಹಾಸಿ, ಕ್ಯಾಮೆರಾವನ್ನು ಅದರ ಮೇಲೆ ಬಾಗಿಸಿ ತೋರಿಸುವುದು ಮೇಲು. ಮೊಬೈಲ್ ಫೋನಿನಲ್ಲಿ ತೋರಿಸುವವರಿಗೂ ಬೆಳಕಿನ ಭಾಗಾಕಾರ ಇದೇ. ಅವರಿಗೆ ತಂತಿಯ ತೊಂದರೆಯೊಂದು ತಪ್ಪಿತು.

ದೀಪ ಇಡುವ ಜಾಗದ ವಿಚಾರ ಉಳಿದಿದೆ. ಕ್ಯಾಮೆರಾಕ್ಕೆ ಬೆಳಕು ಬೇಕೆಂದು ತಿಳಿದೊಡನೆ ಉತ್ಸಾಹಿಗಳು ಪ್ರಖರವಾದ ದೀಪವೊಂದನ್ನು ತಂದು ಕ್ಯಾಮೆರಾದ ಪಕ್ಕದಲ್ಲಿ, ನೇಕಾರನ ಮುಖಕ್ಕೆ ನೇರವಾಗಿ ನಿಲ್ಲಿಸುತ್ತಾರೆ. ಚಿತ್ರ ಬಹಳ ಚೆನ್ನಾಗಿ ಬರುತ್ತದೆ. ಆದರೆ ಕುಣಿಯಲ್ಲಿ ಕುಳಿತವನ ಕಣ್ಣು ನೆಲದ ಮಟ್ಟಕ್ಕಿಂತ ಎರಡು ಮೊಳ ಮೇಲಿರುತ್ತದೆ ಅಷ್ಟೇ. ದೀಪ ಅಲ್ಲಿಗೇ ಬಂದು ಚುಚ್ಚುತ್ತದೆ. ಕಣ್ಣು ಕೋರೈಸಿದಾಗ ಹರಿದ ಎಳೆ ಕಾಣುವುದಿಲ್ಲ. ಕಾಣದೆ ನಾಲ್ಕು ಬೆರಳು ನೆಯ್ದುಹೋದರೆ ಬಿಚ್ಚಿ ಸರಿಪಡಿಸುವ ಹೊತ್ತು ಗಿರಾಕಿಯದೂ ಅಲ್ಲ, ವ್ಯಾಪಾರಿಯದೂ ಅಲ್ಲ, ನೇಕಾರನದು. ಅವನ ಎಡ ಹೆಗಲ ಹಿಂದೆ, ತಲೆಗಿಂತ ಒಂದು ಮೊಳ ಎತ್ತರದಲ್ಲಿ ದೀಪವನ್ನು ಕಟ್ಟಿ, ಎದುರಿಗೆ ಬಿಳಿಯ ಬಟ್ಟೆಯನ್ನು ಇಳಿಬಿಟ್ಟರೆ ಹಾಸಿನ ಮೇಲೆ ಬೆಳಕು ಸಮನಾಗಿ ಹರಡುತ್ತದೆ, ಲಾಳಿಯೂ ಕ್ಯಾಮೆರಾಕ್ಕೆ ಸಿಕ್ಕುತ್ತದೆ. ಅಲ್ಲಿ ಕೈಯ ನೆರಳು ಹಾಸಿನ ಮೇಲೆ ಬೀಳುತ್ತದೆಂದು ಅವನು ಹೇಳಿದರೆ ದೀಪವನ್ನು ಬಲಕ್ಕೆ ಸರಿಸಬೇಕು, ಕ್ಯಾಮೆರಾವನ್ನೂ ಅದಕ್ಕೆ ತಕ್ಕಂತೆ ತಿರುಗಿಸಬೇಕು.